ದೆವ್ವ ಬಾಗಿಲಾಚೆಯೇ ಇರಲಿ

ಅಕ್ಟೋಬರ್ ಬಂತೆಂದರೆ ಓಟಿಟಿಗಳೆಲ್ಲ ಒಟ್ಟಿಗೆ ಹೆದರಿಸಲು ಹೊರಡುತ್ತವೆ. ಹ್ಯಾಲೋವೀನ್ ಇರುವುದು ತಿಂಗಳ ಕೊನೆಯ ದಿನ. ಆದರೆ ಕೆದರಿದ ಕೂದಲು, ಬೆಳ್ಳಗಿನ ಕಣ್ಣುಗುಡ್ಡೆಯ ಪೋಸ್ಟರ್‌ಗಳು ಒಂದನೇ ತಾರೀಖಿಗೇ ಹಾಜರ್. ಎಷ್ಟೋ ಪೋಸ್ಟರ್‌ಗಳಿಗೆ ‘ನೈಜ ಘಟನೆ ಆಧಾರಿತ’ ಎಂಬ ಹಣೆಪಟ್ಟಿ ಬೇರೆ. ಅದು ಕಂಡರೆ ನಾನು ಮುಂದಕ್ಕೆ ಹೋಗುತ್ತೇನೆ. ದೆವ್ವ ನಿಜ ಎಂದು ನಂಬಿಸಿದರೆ ಮಾತ್ರ ಜನ ಹೆದರುತ್ತಾರೆ ಅಂದುಕೊಂಡವರ ಕೆಲಸ ಅದು. ದೆವ್ವದಲ್ಲಿ ಚೂರೂ ನಂಬಿಕೆ ಇಲ್ಲದ ನನ್ನಂಥವರ ಮೈಯನ್ನೂ ಜುಂ ಎನ್ನಿಸುವ ಸಿನಿಮಾ ಒಂದಿದೆ. ಅದರಲ್ಲಿ ದೆವ್ವವನ್ನು ತೋರಿಸುವುದೇ ಇಲ್ಲ.

ಹೆಸರು ‘ದಿ ಹಾಂಟಿಂಗ್’. 1963ರದ್ದು, ಕಪ್ಪು-ಬಿಳುಪು, ಎರಡು ಗಂಟೆಗೆ ತುಸು ಕಡಿಮೆ. ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ ಇದರ ಮೂಲ. ನಿರ್ದೇಶಕ ರಾಬರ್ಟ್ ವೈಸ್. ಇದಾದ ಎರಡು ವರ್ಷಕ್ಕೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಮಾಡಿದ್ದು ಇದೇ ಮನುಷ್ಯ ಅಂದರೆ ನಂಬುವುದು ಕಷ್ಟ. ಯಾವ ಓಟಿಟಿಯಲ್ಲಿದೆ ಎನ್ನುವುದು ದೇಶಕ್ಕೆ, ತಿಂಗಳಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಹುಡುಕುವಾಗ ಇಸವಿಯನ್ನೂ ಹಾಕಿ. 1999ರಲ್ಲಿ ಇದೇ ಹೆಸರಿನ ಇನ್ನೊಂದು ಬಂದಿದೆ, ಅದರ ಕತೆ ಆಮೇಲೆ ಹೇಳುತ್ತೇನೆ.

ಡಾ. ಮಾರ್ಕ್‌ವೇ ಎಂಬ ಸಂಶೋಧಕ, ದೆವ್ವದ ಕಾಟವಿದೆ ಎಂದು ಹೆಸರಾದ ಹಿಲ್ ಹೌಸ್ ಎಂಬ ಹಳೇ ಬಂಗಲೆಗೆ ಕೆಲವರನ್ನು ಕರೆಸುತ್ತಾನೆ. ಅವರಲ್ಲಿ ಒಬ್ಬಳು ಎಲಿನೋರ್. ಕಾಯಿಲೆಯ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡು, ಆಕೆ ತೀರಿಕೊಂಡ ಮೇಲೆ ತನ್ನದು ಅಂತ ಒಂದು ಜಾಗ ಇಲ್ಲದೆ ಉಳಿದವಳು. ಏನಾದರೂ ಬೇಕಾದಾಗ ತಾಯಿ ಗೋಡೆ ಬಡಿದು ಕರೆಯುತ್ತಿದ್ದಳು.

ಬಂಗಲೆಯಲ್ಲಿ ಮೊದಲ ರಾತ್ರಿ. ಎಲ್ಲಿಂದಲೋ ಢಬ್ ಢಬ್ ಎಂದು ಬಡಿಯುವ ಸದ್ದು. ಎಲಿನೋರ್‌ಗೆ ಅರೆನಿದ್ದೆ. ‘ಬಂದೆ ಅಮ್ಮಾ’ ಎಂದು ಗೊಣಗುತ್ತಾಳೆ. ಅಮ್ಮ ಸತ್ತುಹೋಗಿದ್ದಾಳೆ ಎನ್ನುವುದು ಹೊಳೆಯುವುದು ಆಮೇಲೆ.

ಇಡೀ ಸಿನಿಮಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕೆಲವೇ ಸೆಕೆಂಡುಗಳು. ಎಲಿನೋರ್ ಕಿವಿಗೆ ಬಿದ್ದದ್ದು ಬರೀ ಸದ್ದು. ಅದು ಏನು ಎಂಬ ಉತ್ತರ ಕಿವಿಯಿಂದ ಬರಲಿಲ್ಲ, ಹಳೇ ಅಭ್ಯಾಸದಿಂದ ಬಂತು. ಮೆದುಳು ಯಾವಾಗಲೂ ಮಾಡುವುದು ಇದನ್ನೇ. 1860ರ ದಶಕದಲ್ಲೇ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಹೀಗೆ ಹೇಳಿದ್ದ: ನಮ್ಮ ನೋಟವೆಲ್ಲ ನಮಗೇ ತಿಳಿಯದಂತೆ ಒಳಗೆ ನಡೆಯುವ ಊಹೆ. ಭೌತವಿಜ್ಞಾನ, ಶರೀರವಿಜ್ಞಾನ, ಸಂಗೀತದ ವಿಜ್ಞಾನ ಎಲ್ಲದರಲ್ಲೂ ಕೈಯಾಡಿಸಿದ ಅಸಾಮಾನ್ಯ ಮನುಷ್ಯ ಅವನು. ಕಣ್ಣಿನ ಒಳಪರದೆಯನ್ನು ನೋಡುವ ಉಪಕರಣವನ್ನು 1851ರಲ್ಲಿ ವೈದ್ಯರ ಕೈಗೆ ಕೊಟ್ಟವನೂ ಅವನೇ. ಕಣ್ಣನ್ನು ಅಷ್ಟು ಹತ್ತಿರದಿಂದ ಬಲ್ಲವನೇ, ಕಣ್ಣು ಕೊಡುವ ಮಾಹಿತಿ ನೋಟಕ್ಕೆ ಸಾಲುವುದಿಲ್ಲ ಎಂದ.

ಈಗಿನ ಅನೇಕ ನರವಿಜ್ಞಾನಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅವರ ಪ್ರಕಾರ ಮೆದುಳು ಮೊದಲೇ ಊಹಿಸಿಟ್ಟುಕೊಂಡಿರುತ್ತದೆ. ಕಣ್ಣು, ಕಿವಿಗಳಿಂದ ಬರುವ ಮಾಹಿತಿ ಆ ಊಹೆಯನ್ನು ತಿದ್ದುತ್ತದೆ. ಮಾಹಿತಿ ಸ್ಪಷ್ಟವಾಗಿದ್ದರೆ ತಪ್ಪು ಊಹೆ ತಕ್ಷಣ ಬಿದ್ದುಹೋಗುತ್ತದೆ. ಮಾಹಿತಿ ಮಸುಕಾದರೆ ಊಹೆಯದೇ ದರ್ಬಾರು. ಹಗ್ಗವನ್ನು ಹಾವೆಂದುಕೊಂಡು ಹಾರಿಬೀಳುವುದು ಮುಸ್ಸಂಜೆಯಲ್ಲಿ, ನಡುಮಧ್ಯಾಹ್ನ ಅಲ್ಲ, ಅಲ್ವಾ? ವೈಸ್ ಎರಡು ಗಂಟೆ ನಮ್ಮನ್ನು ಈ ಮುಸ್ಸಂಜೆಯಲ್ಲೇ ಕೂರಿಸುತ್ತಾರೆ.

ಕತ್ತಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ‘ಕತ್ತಲಲ್ಲಿ ಸರಿಯಾಗಿ ಕಾಣಲ್ಲ, ಅದಕ್ಕೆ ಭಯ’ ಎಂದು ಮುಗಿಸಿಬಿಡುವವರು ಒಂದು ಮಜವಾದ ಸಂಗತಿಯನ್ನು ಕಳೆದುಕೊಳ್ಳುತ್ತಾರೆ. ಕಣ್ಣಿನ ಒಳಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಕೋನ್‌ಗಳು ಸುಮಾರು 60 ಲಕ್ಷ. ಬಣ್ಣ ಗುರುತಿಸುವುದು, ಸಣ್ಣ ಅಕ್ಷರ ಓದುವುದು ಇವುಗಳ ಕೆಲಸ, ಆದರೆ ಬೆಳಕು ಜಾಸ್ತಿ ಬೇಕು. ರಾಡ್‌ಗಳು ಸುಮಾರು 12 ಕೋಟಿ. ಇವು ಮಂದ ಬೆಳಕಿಗೂ ಸ್ಪಂದಿಸುತ್ತವೆ, ಆದರೆ ಬಣ್ಣ ತಿಳಿಯದು. ಬಹಳಷ್ಟು ರಾಡ್‌ಗಳ ಸುದ್ದಿ ಒಂದೇ ನರಕೋಶಕ್ಕೆ ಬಂದು ಸೇರುವುದರಿಂದ ಸೂಕ್ಷ್ಮ ವಿವರವೂ ಸಿಗದು. ‘ಅಲ್ಲೇನೋ ಇದೆ’ ಎನ್ನುವುದಷ್ಟೇ ತಿಳಿಯುತ್ತದೆ, ಏನಿದೆ ಎಂದು ತಿಳಿಯುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನೇರವಾಗಿ ದಿಟ್ಟಿಸಿದಾಗ ಚಿತ್ರ ಬೀಳುವ ನಟ್ಟನಡುವಿನ ಚುಕ್ಕೆಯಷ್ಟು ಜಾಗದಲ್ಲಿ ರಾಡ್‌ಗಳೇ ಇಲ್ಲ, ಎಲ್ಲ ಕೋನ್‌ಗಳೇ. ಹಾಗಾಗಿ ಗಾಢ ಕತ್ತಲಲ್ಲಿ ಕಣ್ಣಂಚಿನಲ್ಲಿ ಕಂಡದ್ದು, ತಿರುಗಿ ದಿಟ್ಟಿಸಿದ ಕೂಡಲೇ ಇಲ್ಲವಾಗುತ್ತದೆ. ಮಂದ ನಕ್ಷತ್ರ ನೋಡುವ ಹವ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ನಕ್ಷತ್ರವನ್ನು ಬಿಟ್ಟು ಅದರ ಸ್ವಲ್ಪ ಪಕ್ಕಕ್ಕೆ ನೋಡುತ್ತಾರೆ, ಆಗ ಅದು ಕಾಣುತ್ತದೆ. ‘ಏನೋ ನಿಂತಿತ್ತು, ತಿರುಗಿ ನೋಡಿದರೆ ಮಾಯ’ ಎಂಬ ದೆವ್ವದ ಅನುಭವಗಳಲ್ಲಿ ಎಷ್ಟೋ ಇಷ್ಟರಲ್ಲೇ ಮುಗಿದುಹೋಗುತ್ತವೆ ಎಂದು ನನ್ನ ಅನಿಸಿಕೆ. ಮಾಯವಾದದ್ದು ದೆವ್ವ ಅಲ್ಲ, ರಾಡ್‌ಗಳ ಸಹಾಯ.

ಹಾಗಂತ ಕಣ್ಣು ಅಲ್ಲಾಡಿಸದೆ ಒಂದೇ ಕಡೆ ನೋಡುತ್ತ ಕೂತರೂ ಪಾರಾಗುವುದಿಲ್ಲ. ನೋಟವನ್ನು ನೆಟ್ಟಾಗ ಸುತ್ತಲಿನ ಬದಲಾಗದ ವಿವರಗಳು ಕ್ರಮೇಣ ಅಳಿಸಿಹೋಗುತ್ತವೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಇದನ್ನು ಬರೆದಿಟ್ಟಿದ್ದ. ಇಟಲಿಯ ಮನೋವಿಜ್ಞಾನಿ ಜೊವಾನಿ ಕಪುಟೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಐವತ್ತು ಜನರನ್ನು ಒಬ್ಬೊಬ್ಬರಾಗಿ ಮಂದ ದೀಪದ ಕೋಣೆಯಲ್ಲಿ ಕನ್ನಡಿ ಮುಂದೆ ಕೂರಿಸಿ, ತಮ್ಮದೇ ಮುಖವನ್ನು ಹತ್ತು ನಿಮಿಷ ನೋಡಲು ಹೇಳಿದ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಹಳ ಮಂದಿಗೆ ತಮ್ಮ ಮುಖ ವಿಕಾರವಾಗಿ ಕಂಡಿತ್ತು. ಹೆಚ್ಚುಕಮ್ಮಿ ಅರ್ಧದಷ್ಟು ಜನ ಕನ್ನಡಿಯಲ್ಲಿ ಯಾವುದೋ ವಿಚಿತ್ರ ಜೀವಿಯನ್ನೇ ಕಂಡೆವು ಎಂದಿದ್ದರು. ಮದ್ದು ಕೊಟ್ಟಿರಲಿಲ್ಲ, ಮಂತ್ರ ಹಾಕಿರಲಿಲ್ಲ.

ಈಗ ಸಿನಿಮಾಕ್ಕೆ ಬನ್ನಿ. ಒಂದು ರಾತ್ರಿ ಎಲಿನೋರ್ ಕತ್ತಲಲ್ಲಿ ಮಲಗಿ ಎದುರಿನ ಗೋಡೆ ನೋಡುತ್ತಿದ್ದಾಳೆ. ಗೋಡೆಯ ತುಂಬ ಉಬ್ಬು ಚಿತ್ತಾರ, ಮೇಲೆ ಮಂಕು ಬೆಳಕು. ಗೋಡೆಯಾಚೆ ಯಾರೋ ಗಂಡಸು ಗೊಣಗುವ ದನಿ, ಒಂದು ಪದವೂ ಬಿಡಿಸಿ ಕೇಳುವುದಿಲ್ಲ. ಕ್ಯಾಮೆರಾಕ್ಕೆ ಅವಸರವಿಲ್ಲ. ಮೊದಲು ಅದು ಬರೀ ಚಿತ್ತಾರ. ನೋಡುತ್ತ ನೋಡುತ್ತ ಒಂದು ಗುಳಿ ಕಣ್ಣಾಗುತ್ತದೆ, ಕೆಳಗಿನ ನೆರಳು ಬಾಯಾಗುತ್ತದೆ. ಅವಳಿಗೆ ಮಾತ್ರವಲ್ಲ, ನಮಗೂ. ಒಮ್ಮೆ ಮುಖ ಕಂಡಿತೋ, ಮತ್ತೆ ಅದನ್ನು ಬರೀ ಚಿತ್ತಾರವಾಗಿ ನೋಡಲು ಏನು ಮಾಡಿದರೂ ಆಗದು. ಈ ದೃಶ್ಯದಲ್ಲಿ ಒಂದು ಕೈ ಹಿಡಿದುಕೊಳ್ಳುವ ಪ್ರಸಂಗವಿದೆ. ಅದರ ಬಗ್ಗೆ ನಾನು ತುಟಿ ಬಿಚ್ಚುವುದಿಲ್ಲ, ನೀವೇ ನೋಡಿ.

ಬಾಗಿಲಿನ ದೃಶ್ಯದ ಬಗ್ಗೆ ಹೇಳಬಹುದು. ಭಾರವಾದ ಮರದ ಬಾಗಿಲು. ಆಚೆ ಏನೋ ಇದೆ. ಬಾಗಿಲು ನಿಧಾನವಾಗಿ ಒಳಕ್ಕೆ ಉಬ್ಬುತ್ತದೆ, ಮತ್ತೆ ಹಿಂದಕ್ಕೆ ಸರಿಯುತ್ತದೆ, ಉಸಿರಾಡಿದ ಹಾಗೆ. ಪರದೆಯ ಮೇಲೆ ಇರುವುದು ಇಷ್ಟೇ. ಕಂಪ್ಯೂಟರ್ ಇಲ್ಲದ ಕಾಲ. ಬಾಗುವಂಥ ಮರದ ಪದರಗಳಿಂದ ಬಾಗಿಲು ಮಾಡಿಸಿ, ಹಿಂದಿನಿಂದ ಗಟ್ಟಿ ಆಳೊಬ್ಬನಿಂದ ತಳ್ಳಿಸಿದ್ದರು. ಇದು ಗೊತ್ತಿದ್ದೂ ಆ ದೃಶ್ಯ ಹೆದರಿಸುತ್ತದೆ. ಯಾಕೆ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ, 2016ರದ್ದು. ನಲವತ್ತೈದು ಮಂದಿಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನಿಜವಾಗಿಯೂ ನೋವಾಗುವಂಥ ಸಣ್ಣ ಶಾಕ್. ಬೆವರು, ಕಣ್ಣಿನ ಪಾಪೆಯ ಅಗಲ ಎಲ್ಲ ಅಳೆದರು. ಒತ್ತಡ ಹೆಚ್ಚಿದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ. ಹೌದೋ ಅಲ್ಲವೋ ಎಂಬುದು ಸರಿಯಾಗಿ ಅರ್ಧಕ್ಕರ್ಧ ಇದ್ದಾಗ. ಬರುವ ನೋವಿಗಿಂತ ಬರುತ್ತದೋ ಇಲ್ಲವೋ ಎಂಬ ತೂಗುಯ್ಯಾಲೆಯೇ ದೇಹಕ್ಕೆ ಹೆಚ್ಚು ಭಾರ. ವೈಸ್ ಬಾಗಿಲು ತೆರೆಯುವುದಿಲ್ಲ, ಅಲ್ಲಿ ಏನೂ ಇಲ್ಲ ಎಂದು ಹೇಳುವುದೂ ಇಲ್ಲ. ಆ ಅರ್ಧಕ್ಕರ್ಧವನ್ನು ಕದಲಿಸದೆ ಹಾಗೇ ಹಿಡಿದಿಡುತ್ತಾರೆ.

ಈ ಪಾಠವನ್ನು ಅವರು ಕಲಿತದ್ದು ಹಾಲಿವುಡ್‌ನ ನಿರ್ಮಾಪಕ ವಾಲ್ ಲ್ಯೂಟನ್ ಗರಡಿಯಲ್ಲಿ. 1940ರ ದಶಕದಲ್ಲಿ ಸಣ್ಣ ಬಜೆಟ್ಟಿನ ಹಾರರ್ ಸಿನಿಮಾ ಮಾಡುತ್ತಿದ್ದವರು ಲ್ಯೂಟನ್. ದೊಡ್ಡ ರಾಕ್ಷಸನಿಗೆ ದುಡ್ಡಿಲ್ಲ, ಹಾಗಾಗಿ ನೆರಳನ್ನೇ ರಾಕ್ಷಸ ಮಾಡಿದರು. 1942ರ ‘ಕ್ಯಾಟ್ ಪೀಪಲ್’ನಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಿದ್ದಾಳೆ. ಹಿಂದೆ ಹೆಜ್ಜೆ ಸಪ್ಪಳ. ಸಪ್ಪಳ ನಿಲ್ಲುತ್ತದೆ. ಮೌನ. ಬುಸ್ಸೆಂದು ಏನೋ ನುಗ್ಗುತ್ತದೆ, ನೋಡಿದರೆ ಬಸ್ಸು! ದಿಢೀರನೆ ಬೆಚ್ಚಿಬೀಳಿಸುವ ಈಗಿನ ಜಂಪ್ ಸ್ಕೇರ್‌ಗಳ ತಾತ ಇದು. ಸಿನಿಮಾದವರು ಈಗಲೂ ಈ ತಂತ್ರವನ್ನು ‘ಲ್ಯೂಟನ್ ಬಸ್’ ಎನ್ನುತ್ತಾರೆ.

ಬೆಚ್ಚಿಬೀಳುವುದು ಮತ್ತು ಹೆದರುವುದು ಒಂದೇ ಅಲ್ಲ. ದೊಡ್ಡ ಸದ್ದಾದರೆ 50 ಮಿಲಿಸೆಕೆಂಡಿನ ಒಳಗೇ ರೆಪ್ಪೆ ಮುಚ್ಚಿಕೊಳ್ಳತೊಡಗುತ್ತದೆ. ಅದು ಮೆದುಳಿನ ಬುಡದ ಕೆಲವೇ ನರಕೋಶಗಳ ಕೆಲಸ, ಯೋಚನೆಗೆ ಅಲ್ಲಿ ಜಾಗವಿಲ್ಲ. ಆದರೆ ಮೊದಲೇ ಭಯದಲ್ಲಿದ್ದರೆ ಅದೇ ಸದ್ದಿಗೆ ಜಾಸ್ತಿ ಬೆಚ್ಚುತ್ತೇವೆ, ಮೆದುಳಿನೊಳಗಿನ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ ಆ ಪ್ರತಿಕ್ರಿಯೆಯನ್ನು ಜೋರು ಮಾಡುತ್ತದೆ. ಮನುಷ್ಯರು ಕತ್ತಲಲ್ಲಿ ಹೆಚ್ಚು ಬೆಚ್ಚುತ್ತಾರೆ. ಇಲಿಗಳು ಉಲ್ಟಾ, ಜೋರು ಬೆಳಕಿನಲ್ಲಿ ಹೆಚ್ಚು ಬೆಚ್ಚುತ್ತವೆ. ಇಲಿಗಳಿಗೆ ಹಾರರ್ ಸಿನಿಮಾ ಮಾಡುವುದಾದರೆ ಎಲ್ಲ ದೀಪ ಹಾಕಿ ಮಾಡಬೇಕು.

ಅಮಿಗ್ಡಲ ಇಲ್ಲದಿದ್ದರೆ? ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ಹಾಳಾದ ಅಮೆರಿಕದ ಮಹಿಳೆಯೊಬ್ಬರು ವಿಜ್ಞಾನಕ್ಕೆ ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ಪರಿಚಿತರು. ಸಂಶೋಧಕರು ಆಕೆಗೆ ಭಯದ ಸಿನಿಮಾಗಳ ತುಣುಕು ತೋರಿಸಿದರು, ಭಯ ಇಲ್ಲ. ಹ್ಯಾಲೋವೀನ್ ಸಮಯದಲ್ಲಿ ಭೂತಬಂಗಲೆ ಮಾಡಿದ್ದ ಹಳೆಯ ಆಸ್ಪತ್ರೆಗೆ ಕರೆದೊಯ್ದರು. ಆಕೆ ನಗುತ್ತ ಎಲ್ಲರಿಗಿಂತ ಮುಂದೆ ನಡೆದು, ರಾಕ್ಷಸ ವೇಷದವನನ್ನೇ ಮುಟ್ಟಿ ಹೆದರಿಸಿಬಿಟ್ಟರು! ಆದರೆ ಮುಂದೊಮ್ಮೆ 35 ಶೇಕಡ ಇಂಗಾಲದ ಡೈ ಆಕ್ಸೈಡ್ ಇರುವ ಗಾಳಿ ಉಸಿರಾಡಿದಾಗ ಕಂಗಾಲಾದರು. ಉಸಿರುಗಟ್ಟುವ ಭಯಕ್ಕೆ ಬೇರೆ ದಾರಿ ಇದೆ. ‘ಅಮಿಗ್ಡಲ ಎಂದರೆ ಭಯದ ಕೇಂದ್ರ’ ಎಂದು ಸುಮ್ನೆ ಹೇಳಿಬಿಡುವವರು ಈ ಎರಡನೇ ಭಾಗವನ್ನು ಮರೆತುಬಿಡುತ್ತಾರೆ.

ಪ್ರತಿ ಅಕ್ಟೋಬರಿನಲ್ಲಿ ಮತ್ತೆ ಮತ್ತೆ ಹರಿದಾಡುವ ಇನ್ನೊಂದು ಮಾತಿದೆ: ಕಿವಿಗೆ ಕೇಳದ 19 ಹರ್ಟ್ಸ್, ಅಂದರೆ ಸೆಕೆಂಡಿಗೆ 19 ಕಂಪನಗಳ ಸದ್ದಿನಿಂದ ದೆವ್ವ ಕಾಣುತ್ತದಂತೆ. ಇದರ ಮೂಲ ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ. ತನ್ನ ಪ್ರಯೋಗಾಲಯದಲ್ಲಿ ಕಣ್ಣಂಚಿಗೆ ಬೂದು ಆಕಾರ ಕಂಡದ್ದಕ್ಕೆ ಅಲ್ಲಿನ ಒಂದು ಫ್ಯಾನ್ ಹುಟ್ಟಿಸುತ್ತಿದ್ದ ಕಂಪನ ಕಾರಣ ಎಂದು 1998ರಲ್ಲಿ ಬರೆದ. ದೆವ್ವಕ್ಕೆ ಶರಣಾಗದೆ ಫ್ಯಾನ್ ಹುಡುಕಿದ್ದಕ್ಕೆ ಅವನನ್ನು ಮೆಚ್ಚಲೇಬೇಕು. ಆದರೆ ಲಂಡನ್ನಿನಲ್ಲಿ ಮನೋವಿಜ್ಞಾನಿ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು ಒಂದು ಖಾಲಿ ಕೋಣೆ ಕಟ್ಟಿ ಇದನ್ನು ಪರೀಕ್ಷಿಸಿದರು. ಒಳಗೆ ಹೋದ ಬಹಳ ಮಂದಿಗೆ ವಿಚಿತ್ರ ಅನುಭವಗಳಾದವು. ಕೇಳದ ಸದ್ದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ವಿಚಿತ್ರ ಅನ್ನಿಸಬಹುದು ಎಂದು ಅವರಿಗೆ ಮೊದಲೇ ಹೇಳಿ ಕಳಿಸಿದ್ದರು. ಬಹುಶಃ ಕೆಲಸ ಮಾಡಿದ್ದು ಆ ಮಾತೇ. ಹಾಗಾಗಿ ದೆವ್ವ ಬಿಟ್ಟು 19 ಹರ್ಟ್ಸ್ ಹಿಡಿದುಕೊಂಡವರದೂ ಹೊಸ ಮೂಢನಂಬಿಕೆಯೇ. ಅದೂ ಅಲ್ಲದೆ ನಿಮ್ಮ ಟಿವಿಯ ಪುಟ್ಟ ಸ್ಪೀಕರಿಗೆ 19 ಹರ್ಟ್ಸ್ ಹೊರಡಿಸುವ ತಾಕತ್ತಿಲ್ಲ.

1999ರ ‘ದಿ ಹಾಂಟಿಂಗ್’ ಎಡವಿದ್ದು ಎಲ್ಲವನ್ನೂ ತೋರಿಸಿ. ಗ್ರಾಫಿಕ್ಸ್‌ನಲ್ಲಿ ಶಿಲ್ಪಗಳು ಅಲ್ಲಾಡುತ್ತವೆ, ಕೊನೆಗೆ ದೆವ್ವವೇ ಎದ್ದು ನಿಲ್ಲುತ್ತದೆ. ಕಣ್ಣಿಗೆ ಪೂರ್ತಿ ಮಾಹಿತಿ ಸಿಕ್ಕಿತು, ಊಹೆಗೆ ಕೆಲಸವೇ ಇಲ್ಲ. 1963ರದ್ದರಲ್ಲೂ ಕುಂದುಗಳಿವೆ. ಎಲಿನೋರ್‌ಳ ಮನಸ್ಸಿನ ಮಾತು ತುಸು ಜಾಸ್ತಿಯಾಯಿತು, ಲ್ಯೂಕ್ ಎಂಬ ಯುವಕನ ತಮಾಷೆಗಳು ಹಳಸಿವೆ. ಆದರೆ ಚಿತ್ರೀಕರಣ ನೋಡಿ. ವೈಸ್‌ಗೆ ಬಂಗಲೆ ವಕ್ರವಾಗಿ ಕಾಣಬೇಕಿತ್ತು. ಪ್ಯಾನಾವಿಷನ್ ಕಂಪನಿಯ ಹತ್ತಿರ 30 ಮಿಲಿಮೀಟರಿನ ಒಂದು ಲೆನ್ಸ್ ಇತ್ತು, ಇನ್ನೂ ಪೂರ್ತಿ ಪಳಗಿರಲಿಲ್ಲ, ಗೆರೆಗಳನ್ನು ಸೊಟ್ಟಗೆ ತೋರಿಸುತ್ತಿತ್ತು. ಲೆನ್ಸ್‌ನಲ್ಲಿ ದೋಷವಿದೆ ಎಂದು ತಿಳಿದೇ ತೆಗೆದುಕೊಂಡಿದ್ದೇನೆ ಎಂದು ಬರೆದುಕೊಟ್ಟು ತಂದರು. ಗೋಡೆ ನೇರ ಇದೆಯೋ ಇಲ್ಲವೋ ಎಂಬ ಅನುಮಾನ ನಮಗೆ ಗೊತ್ತಾಗದಂತೆ ಕಾಡುತ್ತಿರುವುದು ಆ ಲೆನ್ಸಿನ ಕರಾಮತ್ತು.

ನೋಡುವಾಗ ದೀಪ ಆರಿಸಿ. ಟಿವಿಯ ‘ವಿವಿಡ್’ ಮೋಡ್ ತೆಗೆಯಿರಿ, ಅದು ವೈಸ್ ಇಟ್ಟ ನೆರಳನ್ನೆಲ್ಲ ಬೆಳಗಿಸಿಬಿಡುತ್ತದೆ. ಮೊಬೈಲಿನಲ್ಲಿ ನೋಡಬೇಡಿ. ಸಂಭಾಷಣೆಗೆ ಸಬ್‌ಟೈಟಲ್ ಬೇಕಾದರೆ ಹಾಕಿಕೊಳ್ಳಿ. ಆದರೆ ಸದ್ದುಗಳನ್ನೂ ಅಕ್ಷರದಲ್ಲಿ ಬರೆಯುವ ಬಗೆಯದನ್ನು, ಕಿವಿ ಚೆನ್ನಾಗಿ ಕೇಳುವವರು ಆರಿಸಿಕೊಳ್ಳಬೇಡಿ. ಗೋಡೆಯಾಚೆಯಿಂದ ಬಂದದ್ದು ನಗುವೋ ಅಳುವೋ ಎಂದು ನೀವು ಇನ್ನೂ ಕಿವಿಗೊಟ್ಟು ಕೂತಿರುವಾಗಲೇ, ಅದೇನೆಂದು ಪರದೆಯ ಕೆಳಗೆ ಬರೆದು ತೋರಿಸಿಬಿಡುತ್ತದೆ.