ಒಂದೇ ಕೇಬಲ್, 16 ಚಾನೆಲ್: ಮಿಡಿ ಕಲಿಯುವವರಿಗೆ ಟಿಪ್ಪಣಿ

ಮಿಡಿ ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಮತ್ತು ಕಂಪ್ಯೂಟರ್ ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುವ ಪದ್ಧತಿ. ಮಿಡಿ ಕೇಬಲ್‌ನಲ್ಲಿ ಸದ್ದು ಹರಿಯುವುದಿಲ್ಲ. ಹರಿಯುವುದು ಬರೀ ಅಂಕಿ: ಯಾವ ಕೀ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು. ಸದ್ದು ಹುಟ್ಟುವುದು ಆ ಕಡೆಯ ಕೀಬೋರ್ಡ್ ಅಥವಾ ಕಂಪ್ಯೂಟರ್ ಒಳಗೆ.

16 ಚಾನೆಲ್ ಅಂದ ತಕ್ಷಣ ಕೇಬಲ್ ಒಳಗೆ 16 ತಂತಿ ಇರಬೇಕು ಅನ್ನಿಸುತ್ತೆ, ಅಲ್ವಾ? ಹಾಗಿಲ್ಲ. 1983ರಿಂದ ಬಳಕೆಯಲ್ಲಿರುವ ಐದು ಪಿನ್ನಿನ ಪ್ಲಗ್‌ನಲ್ಲಿ ಅಂಕಿಗಳನ್ನು ಸಾಗಿಸುವುದು ಎರಡೇ ಪಿನ್. ಎಲ್ಲ ವಾದ್ಯದ ಸಂದೇಶವೂ ಒಂದರ ಹಿಂದೊಂದು ಅದರಲ್ಲೇ ಹೋಗುತ್ತದೆ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ 'ಹರಿಹರ, ಹರಿಹರ' ಅಂತ ಕೂಗಿದರೆ ಎಲ್ಲರಿಗೂ ಕೇಳಿಸುತ್ತೆ, ಹತ್ತುವವರು ಹರಿಹರಕ್ಕೆ ಹೋಗುವವರು ಮಾತ್ರ. ಚಾನೆಲ್ ನಂಬರ್ ಮಾಡುವ ಕೆಲಸವೂ ಅದೇ.

ಒಂದು ಸಂದೇಶ ಬಿಡಿಸಿ ನೋಡೋಣ: 144, 60, 100. ಕೊನೆಯ 100 ಒತ್ತಿದ ಜೋರು, 60 ಅಂದರೆ ಕೀಬೋರ್ಡ್‌ನ ಮಧ್ಯದ ಸಿ ಸ್ವರ. ಮೊದಲನೆಯ 144ರಲ್ಲಿ ಎರಡು ವಿಷಯ ಸೇರಿವೆ: 'ಸ್ವರ ಶುರು' ಎಂಬ ಆಜ್ಞೆ ಮತ್ತು ಚಾನೆಲ್. 144 ಇದ್ದರೆ ಚಾನೆಲ್ 1, 145 ಇದ್ದರೆ 2, ಹೀಗೆ 159ರ ತನಕ. ಚಾನೆಲ್‌ಗೆ ಮೀಸಲಿಟ್ಟಿದ್ದು ನಾಲ್ಕೇ ಬಿಟ್ (ಒಂದು ಬಿಟ್ ಅಂದರೆ 0 ಅಥವಾ 1). ನಾಲ್ಕು ಬಿಟ್‌ನಲ್ಲಿ 16ಕ್ಕಿಂತ ಜಾಸ್ತಿ ನಂಬರ್ ಹಿಡಿಸಲ್ಲ. ಒಳಗಿನ ಎಣಿಕೆ ಸೊನ್ನೆಯಿಂದ, ಸ್ಕ್ರೀನ್ ಮೇಲಿನದು ಒಂದರಿಂದ. ಕೋಡ್ ಬರೆಯುವವರು ಇಲ್ಲಿ ಹುಷಾರಾಗಿರಬೇಕು.

ಈಗ ನಮ್ಮೂರಿನ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ತಗೊಳ್ಳಿ. ರಿದಮ್ ಪ್ಯಾಡ್‌ನ ಮಿಡಿ ಔಟ್ ಅನ್ನು ಕೀಬೋರ್ಡ್‌ನ ಮಿಡಿ ಇನ್‌ಗೆ ಹಾಕಿದ್ದಾರೆ. ಪ್ಯಾಡ್ ಚಾನೆಲ್ 1ರಲ್ಲಿದ್ದು, ಕೀಬೋರ್ಡ್‌ನ ಚಾನೆಲ್ 1ರಲ್ಲಿ ಪಿಯಾನೋ ಇದ್ದರೆ, ಕಿಕ್ (ಡ್ರಮ್ಸ್‌ನ ದಪ್ಪ ಡ್ರಮ್) ಹೊಡೆದಾಗಲೆಲ್ಲ ಪಿಯಾನೋದ ದಪ್ಪ ಸ್ವರ ಕೇಳುತ್ತದೆ. ಏಕೆಂದರೆ ಕಿಕ್ ಸಾಮಾನ್ಯವಾಗಿ 36ನೇ ಸ್ವರ, ಪಿಯಾನೋಗೆ ಅದು ಕೆಳಗಿನ ಒಂದು ಸಿ. ಪ್ಯಾಡನ್ನು 10ಕ್ಕೆ ತಿರುಗಿಸಿ, ಸರಿಹೋಗುತ್ತೆ. 1991ರ ಜನರಲ್ ಮಿಡಿ ನಿಯಮದಲ್ಲಿ 10 ಡ್ರಮ್ಸ್‌ಗೇ ಮೀಸಲು. ಆಮೇಲೂ ಪಿಯಾನೋ ಬರುತ್ತಿದ್ದರೆ ಕೀಬೋರ್ಡ್‌ನಲ್ಲಿ ಓಮ್ನಿ ಆನ್ ಆಗಿದೆಯಾ ನೋಡಿ. ಓಮ್ನಿ ಇದ್ದಾಗ ಅದು ಚಾನೆಲ್ ನಂಬರ್ ಲೆಕ್ಕಕ್ಕೇ ತಗೊಳ್ಳಲ್ಲ.

ನನ್ನ ಪ್ರಕಾರ ಅಸಲಿ ವಿಷಯ ಮುಂದಿದೆ. ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವುದು), ಸಸ್ಟೇನ್ ಪೆಡಲ್ (ಕೀ ಬಿಟ್ಟರೂ ಸ್ವರ ಹಿಡಿದಿಡುವುದು), ವಾಲ್ಯೂಮ್ ಇವೆಲ್ಲ ಒಂದೊಂದು ಸ್ವರಕ್ಕಲ್ಲ, ಇಡೀ ಚಾನೆಲ್‌ಗೆ ಅನ್ವಯ. ಕೊಳಲಿನ ಟೋನ್‌ನಲ್ಲಿ ಗಮಕ ಕೊಡಲು ಬೆಂಡ್ ವೀಲ್ ತಿರುಗಿಸುತ್ತೀರಿ. ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳು) ಕೂಡ ಅದೇ ಚಾನೆಲ್‌ನಲ್ಲಿದ್ದರೆ ಅವೂ ಜೊತೆಗೆ ಜಾರುತ್ತವೆ, ಕೇಳಲಾಗದು. ಕೊಳಲು ಒಂದು ಚಾನೆಲ್, ಕಾರ್ಡ್ಸ್ ಇನ್ನೊಂದು ಇರಲಿ. ಇದನ್ನೇ ಮುಂದಕ್ಕೆ ಒಯ್ದು ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡುವ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಶನ್) ಪದ್ಧತಿ 2018ರಲ್ಲಿ ಬಂತು. ನಮ್ಮ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಎಲ್ಲ ಸಂದೇಶಕ್ಕೂ ಚಾನೆಲ್ ಇರಲ್ಲ. ತಾಳದ ವೇಗ ಹೊಂದಿಸುವ ಕ್ಲಾಕ್ ಎಲ್ಲರಿಗೂ ಒಂದೇ.

ಇನ್ನೊಂದು: ಕೀ ಒತ್ತಿ ಹಿಡಿದಾಗಲೇ ಚಾನೆಲ್ ಬದಲಿಸಬೇಡಿ. ಕೆಲವು ಕೀಬೋರ್ಡ್‌ಗಳಲ್ಲಿ 'ಸ್ವರ ನಿಲ್ಲಿಸು' ಸಂದೇಶ ಹೊಸ ಚಾನೆಲ್‌ಗೆ ಹೋಗಿ, ಹಳೆಯದರಲ್ಲಿ ಸ್ವರ ಸುಮ್ನೆ ಕೂಗುತ್ತಲೇ ಇರುತ್ತದೆ. ಆಗ ಎಲ್ಲ ಸ್ವರ ನಿಲ್ಲಿಸುವ ಪ್ಯಾನಿಕ್ ಬಟನ್ ಒತ್ತಿ. ಬಟನ್ ಇಲ್ಲದಿದ್ದರೆ ಹಳೆಯ ಚಾನೆಲ್‌ಗೆ 123ನೇ ಕಂಟ್ರೋಲ್ ಸಂದೇಶ ('ಎಲ್ಲ ಸ್ವರ ನಿಲ್ಲಿಸು') ಕಳಿಸಿ.