ಫೋನಿಗೆ ಕಾಣುವ ವೈಫೈ ಲ್ಯಾಪ್‌ಟಾಪಿಗೆ ಯಾಕೆ ಕಾಣಲ್ಲ?

ಮೊದಲು ನೋಡಬೇಕಾದ್ದು ಇಷ್ಟೇ: ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಯಾವ ವೈಫೈಯೂ ಇಲ್ಲವೋ, ಅಥವಾ ಅಕ್ಕಪಕ್ಕದವರದ್ದೆಲ್ಲ ಇದ್ದು ನಮ್ಮದೊಂದೇ ಇಲ್ಲವೋ? ಇದನ್ನು ನೋಡದೆ ಡ್ರೈವರ್ (ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕಿತ್ತುಹಾಕಲು ಕೂತರೆ ಅರ್ಧ ದಿನ ಹೋಗುತ್ತದೆ.

ಯಾವುದೂ ಇಲ್ಲ

ಏರೋಪ್ಲೇನ್ ಮೋಡ್ ಆಫ್ ಇರಲಿ. ಎಫ್‌ಎನ್ ಜೊತೆ ಆಂಟೆನಾ ಚಿತ್ರದ ಕೀ ಒತ್ತಿ. ಹಳೆಯ ಮಾಡೆಲ್‌ಗಳಲ್ಲಿ ಅಂಚಿನಲ್ಲೊಂದು ಪುಟ್ಟ ಸ್ವಿಚ್ ಇರುತ್ತದೆ. ವಿಂಡೋಸ್ ಸರ್ವೀಸಸ್‌ನಲ್ಲಿ ‘ಡಬ್ಲ್ಯೂಲ್ಯಾನ್ ಆಟೋಕಾನ್ಫಿಗ್’ ರನ್ನಿಂಗ್ ಎಂದಿರಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಮೇಲೆ ಹಳದಿ ಗುರುತಿದ್ದರೆ ಡ್ರೈವರ್ ಹಾಕಿ. ಅದಕ್ಕೆ ನೆಟ್ ಬೇಕಲ್ಲ? ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಕಾರ್ಡಿನ ಹೆಸರೇ ಮಾಯವಾಗಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿ ನೋಡಿ.

ನಮ್ಮದೊಂದೇ ಇಲ್ಲ

ತಲೆ ಕೆಡುವುದು ಇಲ್ಲಿ. ಪಕ್ಕದ ಮನೆಯದು ಕಾಣುತ್ತಿದೆ ಅಂದರೆ ಕಾರ್ಡು, ಡ್ರೈವರ್ ಎರಡೂ ಕೆಲಸ ಮಾಡುತ್ತಿವೆ. ರೂಟರ್ ಮಾತಾಡುತ್ತಿರುವ ಜಾಗದಲ್ಲಿ ಲ್ಯಾಪ್‌ಟಾಪ್ ಕೇಳುತ್ತಿಲ್ಲ, ಅಷ್ಟೇ.

ವೈಫೈ ಬಳಸುವ ತರಂಗಪಟ್ಟಿಯನ್ನು ಚಾನೆಲ್ ಎಂಬ ಸಣ್ಣ ಭಾಗಗಳಾಗಿ ಹಂಚಿರುತ್ತಾರೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ 1 ಇರುವುದು 2412 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿಂದ ಐದೈದು ಮೆಗಾಹರ್ಟ್ಸ್ ಏರುತ್ತಾ ಹೋದರೆ 11ನೆಯದು 2462, 13ನೆಯದು 2472. ಭಾರತದಲ್ಲಿ 13ರವರೆಗೂ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆ ತಯಾರಾದ ಕಾರ್ಡುಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಅಲ್ಲಿಂದ ನೆಂಟರು ತಂದುಕೊಟ್ಟ ಲ್ಯಾಪ್‌ಟಾಪ್, ಅಥವಾ ಬೆಂಗಳೂರಿನ ಎಸ್‌.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು ಆಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

“ನಿನ್ನೆ ಕಾಣ್ತಿತ್ತು, ಇವತ್ತಿಲ್ಲ” ಅನ್ನುವುದೂ ಇದರಿಂದಲೇ ಆಗಬಹುದು. ರೂಟರ್ ‘ಆಟೋ’ದಲ್ಲಿರುತ್ತದೆ. ಕರೆಂಟ್ ಹೋಗಿ ಬಂದಾಗ ಮತ್ತೆ ಖಾಲಿ ಚಾನೆಲ್ ಹುಡುಕುತ್ತದೆ. ತುಮಕೂರಿನ ಎಸ್‌ಐಟಿ ಬಡಾವಣೆಯಂತೆ ರೂಮುಗಳು ಒತ್ತೊತ್ತಾಗಿರುವ ಕಡೆ 1, 6, 11 ತುಂಬಿರುತ್ತವೆ, ಅದು 12ಕ್ಕೋ 13ಕ್ಕೋ ಹೋಗಿ ಕೂರುತ್ತದೆ. ಫೋನಿಗೆ 13 ಕೇಳಿಸುತ್ತದೆ, ಈ ಲ್ಯಾಪ್‌ಟಾಪಿಗೆ ಕೇಳಿಸುವುದಿಲ್ಲ.

ಖಚಿತಪಡಿಸಿಕೊಳ್ಳಲು ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ ನಮ್ಮ ರೂಟರಿನ ಚಾನೆಲ್ ನೋಡಿ. 12 ಅಥವಾ 13 ಇದ್ದರೆ, ಫೋನಿನ ಬ್ರೌಸರ್‌ನಲ್ಲಿ ರೂಟರ್ ವಿಳಾಸ ತೆರೆಯಿರಿ (192.168.1.1 ಅಥವಾ 192.168.0.1, ರೂಟರಿನ ತಳದ ಚೀಟಿಯಲ್ಲಿ ಲಾಗಿನ್ ಸಮೇತ ಇರುತ್ತದೆ). ವೈರ್‌ಲೆಸ್ ಸೆಟ್ಟಿಂಗ್‌ನಲ್ಲಿ ಆಟೋ ತೆಗೆದು 1, 6, 11ರಲ್ಲಿ ಗದ್ದಲ ಕಡಿಮೆ ಇರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಟ್ಟು ಸೇವ್ ಮಾಡಿ. 3 ಅಥವಾ 9 ಹಾಕಬೇಡಿ, ಎರಡೂ ಕಡೆಯ ಗದ್ದಲ ಮೈಮೇಲೆ ಬರುತ್ತದೆ.

ಚಾನೆಲ್ 36, 149 ಅಂತೇನಾದರೂ ತೋರಿಸಿದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್’ (netsh wlan show drivers) ಕೊಟ್ಟಾಗ ರೇಡಿಯೋ ಬಗೆಗಳ ಸಾಲಿನಲ್ಲಿ ಬಿ, ಜಿ, ಎನ್ ಮಾತ್ರ ಬಂದು ಎ, ಎಸಿ ಇಲ್ಲದಿದ್ದರೆ ಆ ಕಾರ್ಡಿಗೆ 5 ಬರುವುದೇ ಇಲ್ಲ. ರೂಟರ್‌ನಲ್ಲಿ 2.4 ಆನ್ ಮಾಡಿ ಅದಕ್ಕೆ ಬೇರೆ ಹೆಸರಿಡಿ. ಎಸಿ ಇದ್ದೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬ್ ನೋಡಿ; ಯಾರೋ 2.4 ಮಾತ್ರ ಎಂದು ಬಿಟ್ಟಿರಬಹುದು. 52ರಿಂದ 144ರ ನಡುವಿನ ಚಾನೆಲ್‌ಗಳಲ್ಲಿ ರೂಟರ್ ರೇಡಾರ್ ಇದೆಯೇ ಎಂದು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟ ಮೇಲೇ ತನ್ನ ಹೆಸರು ಪ್ರಸಾರ ಮಾಡುತ್ತದೆ, ಹಾಗಾಗಿ ಕರೆಂಟ್ ಬಂದ ಕೂಡಲೇ ಗಾಬರಿಯಾಗಬೇಡಿ.

ಹೊಸ ವೈಫೈ 6 ರೂಟರ್, ಹಳೆಯ ಇಂಟೆಲ್ ಕಾರ್ಡು: ಹಳೆ ಡ್ರೈವರ್‌ನಲ್ಲಿ ಹೆಸರೇ ಬರದಿರಬಹುದು. ಇಂಟೆಲ್ ಸೈಟಿನ ಹೊಸ ಡ್ರೈವರ್ ಹಾಕಿ. ಅದು ಆಗುವವರೆಗೆ ರೂಟರ್‌ನಲ್ಲಿ ಎಎಕ್ಸ್ (ವೈಫೈ 6) ಮೋಡ್ ಆಫ್ ಮಾಡಿದರೂ ನಡೆಯುತ್ತದೆ.

ರೂಟರ್ ಪಕ್ಕ ಕೂತರೆ ಮಾತ್ರ ಕಾಣುತ್ತದೆ

ಚಪ್ಪಡಿ ಕಲ್ಲಿನ ಗೋಡೆಯ ಮನೆಯಾದರೆ 5 ಗಿಗಾಹರ್ಟ್ಸ್ ಎರಡನೇ ಕೋಣೆಗೇ ಸೋಲುತ್ತದೆ, 2.4ಕ್ಕೆ ಬನ್ನಿ. ಅದರಲ್ಲೂ ಅದೇ ಕಥೆ, ಫೋನಿಗೆ ಮಾತ್ರ ಪೂರ್ತಿ ಸಿಗ್ನಲ್ ಅಂದರೆ ಆಂಟೆನಾ ವೈರು ಬಿಟ್ಟಿರಬಹುದು. ಒಮ್ಮೆ ಬಿಚ್ಚಿ ರಿಪೇರಿಯಾದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಕಾರ್ಡಿನ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಹಿತ್ತಾಳೆ ಬಣ್ಣದ ಗುಂಡಿ ಇರುತ್ತವೆ. ವೈರಿನ ತುದಿಯನ್ನು ನೇರವಾಗಿ ಮೇಲಿಟ್ಟು ಉಗುರಿನಿಂದ ಒತ್ತಿದರೆ ಟಿಕ್ ಅನ್ನಬೇಕು. ಓರೆಯಾಗಿ ಒತ್ತಿದರೆ ಗುಂಡಿಯೇ ಚಪ್ಪಟೆಯಾಗಿ ಕಾರ್ಡು ಬದಲಿಸಬೇಕಾಗುತ್ತದೆ.