ಪದ ಪರಿಚಯ: ಕೌಂಟಿ ಇನ್ವೆಸ್ಟ್‌ಮೆಂಟ್ ಪೂಲ್ ಅಂದ್ರೆ ಏನು?

ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿರೋ ನಮ್ಮ ಜನಕ್ಕೆ ಡಿಸೆಂಬರ್ 10, ಏಪ್ರಿಲ್ 10 ಈ ಎರಡು ತಾರೀಖು ಬಾಯಿಪಾಠ, ದಾಟಿದ್ರೆ ಪ್ರಾಪರ್ಟಿ ಟ್ಯಾಕ್ಸ್ ಮೇಲೆ 10% ಪೆನಾಲ್ಟಿ ಬೀಳತ್ತಲ್ಲ. ಕಟ್ಟಿ, ರಶೀದಿ ಸೇವ್ ಮಾಡಿ ಮರ್ತುಬಿಡ್ತೀವಿ. ಆಮೇಲೆ ಆ ದುಡ್ಡು ಎಲ್ಲಿ ಹೋಯ್ತು ಅಂದ್ರೆ "ಸ್ಕೂಲಿಗೆ" ಅಂತೀವಿ. ಸುಳ್ಳಲ್ಲ, ಆದ್ರೆ ಸ್ಕೂಲಿನೋರು ಅದನ್ನ ಸಂಬಳಕ್ಕೆ, ರಿಪೇರಿಗೆ ಖರ್ಚು ಮಾಡೋವರೆಗೂ ಅದು ಕೌಂಟಿ ಖಜಾನೆಯಲ್ಲೇ ಕೂತಿರತ್ತೆ, ಸುಮ್ನೆ ಕೂತಿರಲ್ಲ, ಬಡ್ಡಿ ದುಡೀತಾ ಇರತ್ತೆ. ಹಾಗೆ ದುಡಿಯೋ ದೊಡ್ಡ ಗಂಟಿಗೇ ಕೌಂಟಿ ಇನ್ವೆಸ್ಟ್‌ಮೆಂಟ್ ಪೂಲ್ ಅನ್ನೋದು, ಟ್ರೆಷರರ್ಸ್ ಪೂಲ್ ಅಂತನೂ ಕರೀತಾರೆ.

ಕೌಂಟಿ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ರಾಜ್ಯದಲ್ಲಿ 58 ಕೌಂಟಿ ಇವೆ, ನಮ್ಮ ಜಿಲ್ಲೆ ಥರನೇ ಅನ್ಕೊಳ್ಳಿ, ಆದ್ರೆ ಡಿಸಿ ಇರಲ್ಲ, ಬೋರ್ಡ್ ಆಫ್ ಸೂಪರ್‌ವೈಸರ್ಸ್ ಅಂತ ಜನ ಓಟು ಹಾಕಿ ಆರಿಸಿದ ಐದು ಜನ ಇರ್ತಾರೆ (ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾತ್ರ 11). ಬಹಳಷ್ಟು ಕಡೆ ಖಜಾನೆ ನೋಡ್ಕೊಳ್ಳೋ ಟ್ರೆಷರರ್ ಕೂಡ ಚುನಾವಣೆಯಲ್ಲೇ ಗೆದ್ದು ಬರಬೇಕು. ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಸರ್ಕಾರಿ ಶಾಲೆ ನಡೆಸೋ ಸ್ಥಳೀಯ ಸಂಸ್ಥೆಗಳು) ತಮ್ಮ ದುಡ್ಡನ್ನ ಕೌಂಟಿ ಖಜಾನೆಯಲ್ಲೇ ಇಡಬೇಕು ಅಂತ ಕಾನೂನಿದೆ. ಸಿಟಿ, ನೀರಿನ ಡಿಸ್ಟ್ರಿಕ್ಟ್ ಇವೆಲ್ಲ ಇಷ್ಟ ಇದ್ರೆ ಸೇರ್ಕೋಬಹುದು. ಎಲ್ಲರದ್ದೂ ಒಟ್ಟು ಸೇರಿಸಿ ಸರ್ಕಾರಿ ಬಾಂಡು, ಟ್ರೆಷರಿ ಬಿಲ್ಲು ಅಂತ ಹಾಕಿ, ಬಂದ ಬಡ್ಡಿನ ಅವರವರ ಪಾಲಿಗೆ ತಕ್ಕಂಗೆ ಹಂಚ್ತಾರೆ. ಒಂದು ವಿಷಯ ಮಾತ್ರ ಗಮನ ಇರಲಿ, ಇದು ಬ್ಯಾಂಕ್ ಎಫ್‌ಡಿ ಅಲ್ಲ, ಇನ್ಶೂರೆನ್ಸ್ ಇಲ್ಲ, ಬಾಂಡ್ ಬೆಲೆ ಬಿದ್ದು ನಷ್ಟ ಆದ್ರೆ ಆ ನಷ್ಟನೂ ಪಾಲಿಗೆ ತಕ್ಕಂಗೇ ಬರತ್ತೆ.

ಇಷ್ಟೇ ಆಗಿದ್ರೆ ಇದಕ್ಕೊಂದು ಪದ ಪರಿಚಯ ಬೇಕಿರಲಿಲ್ಲ. ಈ ಪದ ಅಮೆರಿಕದ ಪೇಪರ್‌ಗಳ ಮುಖಪುಟಕ್ಕೆ ಬಂದಿದ್ದು ಡಿಸೆಂಬರ್ 6, 1994ರಂದು, ಆರೆಂಜ್ ಕೌಂಟಿ ದಿವಾಳಿ ಅಂತ ಕೋರ್ಟಿಗೆ ಹೋದಾಗ. ಡಿಸ್ನಿಲ್ಯಾಂಡ್ ಇರೋ ಕೌಂಟಿ, ದೇಶದಲ್ಲೇ ಶ್ರೀಮಂತ ಜಾಗಗಳಲ್ಲೊಂದು. ಆ ವರ್ಷದ ಮೊದಲ ಕಂತಿನ ಟ್ಯಾಕ್ಸಿಗೆ ಕೊನೇ ದಿನ ಹತ್ರ ಬಂದಿತ್ತು, ಜನ ಚೆಕ್ ಬರೀತಾ ಇದ್ರು!

ರಾಬರ್ಟ್ ಸಿಟ್ರನ್ ಅಂತ ಅಲ್ಲಿನ ಟ್ರೆಷರರ್, 70ರ ದಶಕದ ಶುರುವಿನಿಂದ ಅದೇ ಕುರ್ಚಿಯಲ್ಲಿದ್ದ ಮನುಷ್ಯ. ಅವರ ಪೂಲ್ ವರ್ಷಾನುಗಟ್ಟಲೆ ರಾಜ್ಯ ಸರ್ಕಾರದ ಪೂಲ್‌ಗಿಂತ ಜಾಸ್ತಿ ಬಡ್ಡಿ ಕೊಡ್ತಾ ಇತ್ತು, ಹಂಗಾಗಿ ಅಕ್ಕಪಕ್ಕದ ಸಿಟಿಗಳು, ನೀರಿನ ಡಿಸ್ಟ್ರಿಕ್ಟ್‌ಗಳು ಎಲ್ಲಾ ಬಂದು ದುಡ್ಡು ಹಾಕಿದ್ವು, ಅರ್ವೈನ್ ಸ್ಕೂಲ್ ಡಿಸ್ಟ್ರಿಕ್ಟ್ ಥರದ ಕೆಲವರು ಸಾಲ ತಂದು ಹಾಕಿದ್ರು ಅಂದ್ರೆ ಎಷ್ಟು ನಂಬಿಕೆ ಇತ್ತು ಲೆಕ್ಕ ಹಾಕಿ. ಇವರೆಲ್ಲಾ ಹಾಕಿದ್ದು ಸುಮಾರು 7.5 ಬಿಲಿಯನ್ ಡಾಲರ್, ಆದ್ರೆ ಸಿಟ್ರನ್ ಆಡಿಸ್ತಾ ಇದ್ದಿದ್ದು 20 ಬಿಲಿಯನ್ ಮೇಲೆ. ಮಿಕ್ಕಿದ್ದು ಎಲ್ಲಿಂದ ಬಂತು? ರಿವರ್ಸ್ ರೆಪೋ ಅನ್ನೋ ದಾರಿಯಿಂದ. ಅಂದ್ರೆ ಇರೋ ಚಿನ್ನನ ಅಡ ಇಟ್ಟು ಸಾಲ ತಗೊಂಡು, ಆ ಸಾಲದಲ್ಲಿ ಇನ್ನೊಂದು ಸರ ಕೊಂಡು, ಆ ಸರನೂ ಅಡ ಇಟ್ಟು ಮತ್ತೆ ಸಾಲ ತಗೊಂಡಂಗೆ, ಚಿನ್ನದ ಜಾಗದಲ್ಲಿ ಬಾಂಡು ಅಷ್ಟೇ. ಬಡ್ಡಿ ದರ ಕಮ್ಮಿ ಇರೋವರೆಗೂ ಇದು ಭರ್ಜರಿ ಲಾಭ, ಕಮ್ಮಿ ಬಡ್ಡಿಗೆ ಸಾಲ ತಂದು ಜಾಸ್ತಿ ಬಡ್ಡಿಯ ಬಾಂಡಲ್ಲಿ ಹಾಕೋದು. ಸಾಲದು ಅಂತ ಇನ್ವರ್ಸ್ ಫ್ಲೋಟರ್ ಅನ್ನೋ ಬಾಂಡುಗಳನ್ನ ಬೇರೆ ತುಂಬ್ಕೊಂಡಿದ್ರು, ಮಾರ್ಕೆಟ್‌ನಲ್ಲಿ ಬಡ್ಡಿ ಏರಿದ್ರೆ ಇವು ಕೊಡೋ ಬಡ್ಡಿ ಇಳಿಯತ್ತೆ.

1994 ಫೆಬ್ರವರಿಯಲ್ಲಿ ಫೆಡರಲ್ ರಿಸರ್ವ್ (ನಮ್ಮ ಆರ್‌ಬಿಐ ಥರ ಅಮೆರಿಕದ ಸೆಂಟ್ರಲ್ ಬ್ಯಾಂಕ್) ಬಡ್ಡಿ ದರ ಏರಿಸೋಕೆ ಶುರು ಮಾಡ್ತು. 3% ಇದ್ದಿದ್ದು ನವೆಂಬರ್ ಹೊತ್ತಿಗೆ 5.5%. ಬಡ್ಡಿ ಏರಿದ್ರೆ ಹಳೇ ಬಾಂಡ್‌ಗಳ ಬೆಲೆ ಇಳಿಯತ್ತೆ, ಬೆಲೆ ಇಳಿದ್ರೆ ಸಾಲ ಕೊಟ್ಟೋರು "ಇನ್ನೂ ಸ್ವಲ್ಪ ಅಡ ಇಡಿ" ಅಂತ ಬರ್ತಾರೆ, ಅಲ್ಲಿಗೆ ಕಥೆ ಮುಗೀತು. ನಷ್ಟ ಸುಮಾರು 1.64 ಬಿಲಿಯನ್ ಡಾಲರ್. ಬಡ್ಡಿ ದರ ಯಾವ ಕಡೆ ಹೋಗತ್ತೆ ಅಂತ ಸಿಟ್ರನ್ ಜ್ಯೋತಿಷ್ಯ ಕೇಳ್ತಿದ್ರು ಅನ್ನೋದೂ ಆಮೇಲೆ ಹೊರಗೆ ಬಂತು, ನಮ್ಮೂರಲ್ಲಿ ಮಾತ್ರ ಅಂದ್ಕೊಂಡಿದ್ದೆ ನಾನು.

ಪಾರದರ್ಶಕತೆ ಅಂತ ಮಾತಾಡೋರು ನೋಡಬೇಕಾಗಿದ್ದು ಇಲ್ಲಿ. ಸಿಟ್ರನ್ ಸಾಲ ತಂದು ಆಡಿಸ್ತಿದ್ದಾರೆ ಅನ್ನೋದು ಗುಟ್ಟೇನೂ ಆಗಿರಲಿಲ್ಲ. ಜಾನ್ ಮೂರ್‌ಲಾಕ್ ಅಂತ ಒಬ್ಬ ಅಕೌಂಟೆಂಟ್ ಅದೇ ವರ್ಷ ಜೂನ್‌ನಲ್ಲಿ ಅವರ ವಿರುದ್ಧ ಚುನಾವಣೆಗೆ ನಿಂತು, ಈ ಪೂಲ್ ಅಪಾಯದಲ್ಲಿದೆ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ರು, ಜನ ಅವರನ್ನ ಸೋಲಿಸಿದ್ರು. ಬಡ್ಡಿ ಚೆನ್ನಾಗಿ ಬರ್ತಿರೋವಾಗ ಯಾರಿಗೆ ಬೇಕು ತಲೆನೋವು? ನನ್ನ ಕೇಳಿದ್ರೆ, ಪಕ್ಕದೋರಿಗೆ 4% ಸಿಗ್ತಿರೋವಾಗ ನಮಗೆ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಹೆಂಗೆ ಸಿಗ್ತಿದೆ ಅಂತ ಆ ಸೂಪರ್‌ವೈಸರ್‌ಗಳಲ್ಲಿ ಒಬ್ಬರಾದ್ರೂ ಪಟ್ಟು ಹಿಡಿದು ಕೇಳಿದ್ರೆ ಸಾಕಿತ್ತು. ಗುಟ್ಟು ಇದ್ದಿದ್ದು ಬೇರೆ ಕಡೆ: ಪೂಲಿನ ಸದಸ್ಯರಿಗೆ ಸೇರಬೇಕಾದ ಬಡ್ಡಿಯಲ್ಲಿ ಒಂದು ಭಾಗನ ಕೌಂಟಿ ಖಾತೆಗೆ ತಿರುಗಿಸಿದ್ದು. 1995ರಲ್ಲಿ ಸಿಟ್ರನ್ ತಪ್ಪೊಪ್ಪಿಕೊಂಡ್ರು, ಆರು ಆರೋಪ. ಸ್ವಂತಕ್ಕೆ ಅಂತ ಒಂದು ಪೈಸಾ ತಿಂದಿರಲಿಲ್ಲ ಅನ್ನೋದೂ ನಿಜ. ಅವರ ಜಾಗಕ್ಕೆ ಬಂದಿದ್ದು ಯಾರು ಹೇಳಿ? ಮೂರ್‌ಲಾಕ್.

ನಷ್ಟ ತುಂಬೋಕೆ ಸೇಲ್ಸ್ ಟ್ಯಾಕ್ಸ್ ಅರ್ಧ ಪರ್ಸೆಂಟ್ ಏರಿಸೋಣ ಅಂತ 1995 ಜೂನ್‌ನಲ್ಲಿ ಜನರ ಮುಂದೆ ಇಟ್ರು, ಜನ ಬೇಡ ಅಂದ್ರು. ಕೆಲಸ ಕಡಿತ ಮಾಡಿ, ಹೊಸ ಬಾಂಡ್ ಮಾರಿ 1996ರಲ್ಲಿ ದಿವಾಳಿಯಿಂದ ಹೊರಗೆ ಬಂದ್ರು, ಆ ಬಾಂಡಿನ ಕೊನೇ ಕಂತು ತೀರಿದ್ದು 2017ರಲ್ಲಿ. ಆ ಸಾಲ ತೀರೋ ಹೊತ್ತಿಗೆ ಅರ್ವೈನ್‌ಗೆ ಹೊಸದಾಗಿ ಬಂದು ಮನೆ ಕೊಂಡ ಕನ್ನಡದೋರ ಕೌಂಟಿ ಬಜೆಟ್‌ನಲ್ಲೂ ಅದರ ಪಾಲು ಇತ್ತು ಅನ್ನಿ.

ಆಮೇಲೆ ರಾಜ್ಯದ ಕಾನೂನು ಬಿಗಿ ಆಯ್ತು. ಮೊದಲು ಸುರಕ್ಷತೆ, ಆಮೇಲೆ ಬೇಕಾದಾಗ ದುಡ್ಡು ಕೈಗೆ ಸಿಗೋದು, ಬಡ್ಡಿ ಕೊನೆಗೆ ಅಂತ ಆದ್ಯತೆ ಬರೆದಿಟ್ಟಿದ್ದಾರೆ. ಇನ್ವರ್ಸ್ ಫ್ಲೋಟರ್ ಬ್ಯಾನ್. ರಿವರ್ಸ್ ರೆಪೋ ಪೂಲಿನ 20% ದಾಟಂಗಿಲ್ಲ. ಪ್ರತಿ ಕೌಂಟಿಯಲ್ಲೂ ಖಜಾನೆ ಮೇಲೆ ಕಣ್ಣಿಡೋ ಕಮಿಟಿ ಇರಲೇಬೇಕು ಅಂತ ಇತ್ತು, ಅದನ್ನ ಈಗ ಕೌಂಟಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ, ಇದು ನನಗೆ ಸರಿ ಕಾಣಲ್ಲ, ಪಾಠ ಕಲಿತು ಹತ್ತು ಹನ್ನೆರಡು ವರ್ಷ ಆಗೋದರೊಳಗೆ ಸಡಿಲ ಮಾಡೋದು ಅಂದ್ರೆ ಏನು.

ನಿಮ್ಮ ಕೌಂಟಿ ಸಾಂತಾ ಕ್ಲಾರಾ ಇರಲಿ ಅಲಮೀಡಾ ಇರಲಿ, ಟ್ರೆಷರಿ ವೆಬ್‌ಸೈಟಲ್ಲಿ ಪೂಲ್‌ನ ರಿಪೋರ್ಟ್ ಹುಡುಕಿ. ದಪ್ಪ ಪಿಡಿಎಫ್ ನೋಡಿ ಹೆದರಬೇಡಿ, ಎರಡು ಮೂರು ಸಾಲು ನೋಡಿದ್ರೆ ಸಾಕು. ಬುಕ್ ವ್ಯಾಲ್ಯೂ ಅಂದ್ರೆ ಪುಸ್ತಕದಲ್ಲಿರೋ ಬೆಲೆ, ಮಾರ್ಕೆಟ್ ವ್ಯಾಲ್ಯೂ ಅಂದ್ರೆ ಇವತ್ತು ಮಾರಿದ್ರೆ ಸಿಗೋದು, ಇವೆರಡರ ಮಧ್ಯೆ ಎಷ್ಟು ಅಂತರ ಇದೆ ನೋಡಿ. ಬಡ್ಡಿ ದರ ಏರಿದ ವರ್ಷ ಸ್ವಲ್ಪ ಅಂತರ ಇರೋದು ಮಾಮೂಲಿ, ಬಾಂಡು ಅವಧಿ ಮುಗಿಯೋವರೆಗೂ ಇಟ್ಕೊಂಡ್ರೆ ಪೂರ್ತಿ ದುಡ್ಡು ವಾಪಸ್ ಬರತ್ತೆ. ಆದ್ರೆ ಹಾಗೆ ಕಾಯೋಕೆ ಆಗತ್ತಾ ಅನ್ನೋದು ಇನ್ನೊಂದು ಸಾಲಲ್ಲಿರತ್ತೆ, ಸರಾಸರಿ ಎಷ್ಟು ದಿನಕ್ಕೆ ಬಾಂಡುಗಳು ಮುಗಿಯತ್ತೆ ಅಂತ. ಆಮೇಲೆ ಬಡ್ಡಿನ ರಾಜ್ಯದ ಪೂಲ್ ಆದ LAIF (ಲೋಕಲ್ ಏಜೆನ್ಸಿ ಇನ್ವೆಸ್ಟ್‌ಮೆಂಟ್ ಫಂಡ್) ಜೊತೆ ಹೋಲಿಸಿ, ತೀರಾ ಜಾಸ್ತಿ ಇದ್ರೆ ಖುಷಿ ಪಡೋದಕ್ಕೆ ಮುಂಚೆ ಯಾಕೆ ಅಂತ ಕೇಳಿ.

ಕೇಳೋಕೆ ದಾರಿನೂ ಇದೆ. 1953ರ ಬ್ರೌನ್ ಆಕ್ಟ್ ಪ್ರಕಾರ ಬೋರ್ಡ್‌ನ ಮಾಮೂಲಿ ಮೀಟಿಂಗ್‌ನ ಅಜೆಂಡಾನ 72 ಗಂಟೆ ಮುಂಚೆ ಹಾಕಬೇಕು, ಸಾರ್ವಜನಿಕರಿಗೆ ಮಾತಾಡೋಕೆ ಸಮಯ ಕೊಡಬೇಕು. ಸಿಟಿಜನ್ ಆಗಿರಬೇಕು ಅಂತೇನಿಲ್ಲ, ಎಚ್‌1ಬಿ ಮೇಲೆ ಇರೋರೂ ಹೋಗಿ ಕೂರಬಹುದು, ಒಳಗೆ ಬಿಡೋಕೆ ಹೆಸರು ಬರೀಲೇಬೇಕು ಅಂತ ಒತ್ತಾಯ ಮಾಡಂಗಿಲ್ಲ. ರಿಪೋರ್ಟ್ ಸಿಗ್ಲಿಲ್ಲ ಅಂದ್ರೆ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಕೆಳಗೆ ಒಂದು ಈಮೇಲ್ ಹಾಕಿ, ನಮ್ಮ ಆರ್‌ಟಿಐ ಥರದ್ದೇ, ಆ ದಾಖಲೆ ಕೊಡ್ತಾರೋ ಇಲ್ವೋ ಅಂತ ಸಾಮಾನ್ಯವಾಗಿ 10 ದಿನದೊಳಗೆ ಹೇಳಲೇಬೇಕು.